ಮೊದಲ ಸಲಕ್ಕೇ ಕೈಗೆ ಕೂತ ಹಿಡಿ

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಚಾಮುಂಡಿ ಬೆಟ್ಟ ಇದ್ದ ಕಡೆ ಬರೀ ಬೂದು ಬಣ್ಣ. ಲಕ್ಷ್ಮೀಪುರಂನ ಹಿಂದಿನ ಬೀದಿಯ ಆ ಚಿಕ್ಕ ಮನೆಯಲ್ಲಿ ಕರೆಂಟು ಹೋಗಿ, ಚಾಮುಂಡೇಶ್ವರಿ ಅಜ್ಜಿ ಮಗುಚಿದ ಲೋಟದ ಮೇಲೆ ಮೇಣದ ಬತ್ತಿ ನಿಲ್ಲಿಸಿ ನಡುಮನೆಗೆ ತಂದಿಟ್ಟಾಗ ಮನೆಯವರೆಲ್ಲ ಅದರ ಸುತ್ತ ಸೇರಿಕೊಂಡರು. ಗೋಡೆಗೆ ಒರಗಿ ಕೆಂಪಯ್ಯ ತಾತ, ಪಕ್ಕದಲ್ಲಿ ಎಲೆಯಡಿಕೆ ತಟ್ಟೆ ಹಿಡಿದ ಅಜ್ಜಿ, ಎದುರಿಗೆ ಮೊಮ್ಮಗ ಮೋಹನ್. ಅಡುಗೆಮನೆಯ ಬಾಗಿಲ ಹತ್ತಿರ, ಬೆಳಕು ಅರ್ಧ ಬೀಳುವ ಕಡೆ, ಮೋಹನನ ಹೆಂಡತಿ ಸಿಂಚನ.

ಸಿಂಚನ ಈ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವಳ ಮಾತು ಕಡಿಮೆ, ನೋಡುವುದೇ ಹೆಚ್ಚು. ಹಾಗೆ ನೋಡುತ್ತಿದ್ದದ್ದರಿಂದಲೇ ಈಚೆಗೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಹುಟ್ಟಾ ಬಲಗೈಯವನಾದ ಅವಳ ಗಂಡ ಕೆಲವು ದಿನಗಳಿಂದ ಬೀಗವನ್ನು ಎಡಗೈಯಲ್ಲಿ ತೆಗೆಯುತ್ತಿದ್ದ. ಎಡಗೈಯಲ್ಲಿ ತಲೆ ಬಾಚುತ್ತಿದ್ದ. ನಿನ್ನೆ ಅನ್ನಕ್ಕೂ ಎಡಗೈ ಹಾಕಿದ್ದ. ಅದು ಅವನಿಗೇ ಗೊತ್ತಿರಲಿಲ್ಲ. ಮಲಗಿದಾಗ ಆ ಕೈ ಮುಷ್ಟಿ ಕಟ್ಟಿಕೊಂಡಿರುತ್ತಿತ್ತು, ಮುಟ್ಟಿದರೆ ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗೆ. ಯಾರಿಗೆ ಹೇಳುವುದು? ಹೇಳಿದರೆ ನಗುತ್ತಾರೆ. ಸುಮ್ಮನಿದ್ದರೆ, ಪಕ್ಕದಲ್ಲಿ ಮಲಗಿರುವ ಗಂಡ ದಿನಕ್ಕಿಷ್ಟು ದಿನಕ್ಕಿಷ್ಟು ಬೇರೆ ಯಾರೋ ಆಗುತ್ತಿದ್ದಾನೆ.

ಮೋಹನ್ ಮಾತ್ರ ಗೆಲುವಾಗಿದ್ದ. ಹಳೇ ಪೇಪರಿನ ಮೇಲೆ ಮೂರು ಚಾಕುಗಳನ್ನು ಸಾಲಾಗಿ ಇಟ್ಟುಕೊಂಡಿದ್ದ.

"ತಾತ, ಒಳ್ಳೇ ಬೇಟೆ ಚಾಕು ಯಾವ್ದು ಹೇಳ್ಬುಡು. ಶನಿವಾರ ಹೊರಡ್ತೀವಿ."

"ಈಗ ಬೇಟೆ ಅಂದ್ರೆ ಜೈಲು ಕಣೋ."

"ಬೇಟೆ ಎಲ್ಲಿ ಬಂತು? ಕ್ಯಾಂಪಿಂಗು. ಹೊಳೆ ದಡದಲ್ಲಿ ಟೆಂಟ್ ಹಾಕೋದು, ಕೋಳಿ ಸುಡೋದು."

"ಸತ್ತ ಕೋಳಿಗೆ ಬೇಟೆ ಚಾಕು ಬೇಕಾ?" ಅಂದರು ಅಜ್ಜಿ. "ಯಾಕೆ, ಎದ್ದು ಓಡೋಗುತ್ತಾ ಅದು?"

"ನಿಂಗೊತ್ತಾಗಲ್ಲ ಬುಡಜ್ಜಿ. ಸೊಂಟದಲ್ಲಿ ಚಾಕು ಇದ್ರೆ ಫೋಟೋಗೆ ಒಂದು ಕಳೆ."

ಕೆಂಪಯ್ಯ ತಾತ ಹರೆಯದಲ್ಲಿ ಬೀಟೆ ಮರದ ಕೆಲಸ ಮಾಡಿದವರು. ಚಾಕು ಕತ್ತಿಗಳಿಗೆ ಹಿಡಿ ಹಾಕುವುದರಲ್ಲಿ ಹೆಸರಾಗಿದ್ದವರು. ಈಗ ಕಣ್ಣಿಗೆ ಮಂಜು ಕವಿದು ಎದುರಿಗಿರುವವರ ಮುಖವೂ ನೆರಳಿನಂತೆ ಕಾಣುತ್ತಿತ್ತು. ಬೆರಳು ಮಾತ್ರ ಚುರುಕಾಗಿದ್ದವು. ಮೊದಲನೆಯ ಚಾಕುವನ್ನು ತೋರುಬೆರಳ ಮೇಲೆ ಅಡ್ಡಡ್ಡ ತೂಗಿ ಕೆಳಗಿಟ್ಟರು.

"ಇದರ ತೂಕವೆಲ್ಲ ಮೊನೇಲಿದೆ. ಸ್ವಲ್ಪ ಹೊತ್ತಿಗೇ ಮಣಿಕಟ್ಟು ಸೋತೋಗುತ್ತೆ. ಎಲ್ಲಿ ತಗೊಂಡೆ?"

"ಆನ್‌ಲೈನಲ್ಲಿ."

ಎರಡನೆಯದರ ಅಲಗನ್ನು ಉಗುರಿನಿಂದ ತಟ್ಟಿ ಕಿವಿ ಹತ್ತಿರ ಹಿಡಿದರು. "ಅಲಗೇನೋ ಪರವಾಗಿಲ್ಲ. ಆದ್ರೆ ಅಲಗಿನ ಬಾಲ ಹಿಡಿಯೊಳಗೆ ಎರಡು ಬೆರಳಷ್ಟೂ ಹೋಗಿಲ್ಲ. ಜೋರು ಬಿದ್ರೆ ಹಿಡಿ ನಿನ್ನ ಕೈಲಿರುತ್ತೆ, ಅಲಗು ಹೊಳೇಲಿರುತ್ತೆ."

"ಅಂಗಾದ್ರೆ ಇದೇ ಸೈ," ಎಂದು ಮೋಹನ್ ಮೂರನೆಯದನ್ನು ಕೊಟ್ಟ. "ಹೋದ ವಾರ ಹಳೇ ಸಾಮಾನಿನ ಅಂಗಡೀಲಿ ಸಿಕ್ತು. ಮುಟ್ಟಿದ ತಕ್ಷಣ ಕೈಗೆ ಕೂತ್ಬುಡ್ತು ತಾತ, ನನಗೇ ಅಂತ ಮಾಡಿಸ್ದಂಗೆ."

ತಾತ ಅದನ್ನು ತಗೊಂಡರು. ಹಿಡಿಯ ಮೇಲೆ ಅವರ ಬೆರಳು ಒಮ್ಮೆ ಓಡಿ, ನಡುವೆ ನಿಂತುಬಿಟ್ಟವು. ಎಲೆಯಡಿಕೆ ಜಗಿಯುವುದೂ ನಿಂತಿತು. ಬಿಸಿ ಪಾತ್ರೆ ಇಡುವ ಹಾಗೆ ಅದನ್ನು ಮೆಲ್ಲಗೆ ಪೇಪರಿನ ಮೇಲಿಟ್ಟು, ಸ್ವಲ್ಪ ಹೊತ್ತು ಮಳೆ ಕೇಳುತ್ತಾ ಕೂತರು.

"ಮಳೆ ಹೇಗೂ ಬಿಡಲ್ಲ," ಅಂದರು. "ಒಂದು ವಿಷ್ಯ ಹೇಳ್ತೀನಿ. ಸಿಂಚನ, ನೀನೂ ಹತ್ರ ಬಾಮ್ಮ."

ಅವಳು ಬಾಗಿಲು ಬಿಟ್ಟು ಅಜ್ಜಿಯ ಪಕ್ಕಕ್ಕೆ ಬಂದು ಕೂತಳು. ತಾತ ಶುರುಮಾಡಿದರು.

"ಆಗ ಬೇಟೆ ಯಾರಿಗೂ ತಪ್ಪಾಗಿ ಕಾಣ್ತಿರ್ಲಿಲ್ಲ. ಯಾದವಗಿರಿ ಬಂಗಲೆಯೋರು ಜೀಪ್ ಕಟ್ಕೊಂಡು ಕಾಡಿಗೆ ಹೋಗೋರು, ಅವ್ರಿಗೆ ದಾರಿ ತೋರ್ಸೋಕೆ, ಚರ್ಮ ಸುಲಿಯೋಕೆ ಅಂತ ಚೆಲುವಯ್ಯ ಅನ್ನೋನು ಜೊತೇಲಿ ಹೋಗೋನು. ಈ ಬೀದಿ ಕೊನೇಲೇ ಮನೆ. ಒಳ್ಳೇ ಮನುಷ್ಯ… ಪ್ರಾಣಿ ನರಳ್ತಾ ಬಿದ್ದಿದ್ರೆ ಓಡೋಗಿ ಮೊದ್ಲು ಅದರ ಕಣ್ಣು ಮುಚ್ಚೋನಂತೆ. ಅವನು ಚಾಕು ಆರಿಸೋದು ನೋಡ್ಬೇಕಿತ್ತು ನೀವು! ಅಲಗು ತಟ್ಟಿದ್ರೆ ನಾದ ಎಳೀಬೇಕು, ಮೊಂಡಾಗಿ ನಿಂತ್ರೆ ಒಳಗೆ ಬಿರುಕಿದೆ ಅಂತ ಪಕ್ಕಕ್ಕಿಡೋನು. ಬೆನ್ನ ಮೇಲೆ ಹೆಬ್ಬೆಟ್ಟು ಓಡ್ಸಿ, ಎಲ್ಲಾದ್ರೂ ಅಲೆ ಸಿಕ್ರೆ ಅದೂ ಬೇಡ. ಎಲ್ಲಾ ಸರಿ ಅನ್ಸಿದ್ಮೇಲೆ ನನ್ ಕೈಗೆ ಕೊಡೋನು. ನಾನು ಬೀಟೆ ಹಿಡಿ ಕೂರ್ಸಿ, ಅದರ ಮೇಲೆ ಅರಗು ಕಾಯಿಸಿ ಬಳಿದು, ಇನ್ನೂ ಬಿಸಿ ಇರೋವಾಗ್ಲೇ ಅವನಿಗೆ ಹಿಡ್ಕೊಳ್ಳೋಕೆ ಕೊಡ್ತಿದ್ದೆ. ಆರೋವರೆಗೂ ಬಿಡಂಗಿಲ್ಲ. ಆರಿದ್ಮೇಲೆ ನೋಡಿದ್ರೆ ಐದು ಬೆರಳಿಂದೂ ಗುಂಡಿ ಬಿದ್ದಿರ್ತಿತ್ತು… ಅವನ ಕೈನೇ ಅಲ್ಲಿ ಬಿಟ್ಟು ಹೋದಂಗೆ.

"ನಮ್ಮಲ್ಲಿ ಒಂದು ಪದ್ಧತಿ ಇತ್ತು. ಬೇಟೆಗಾರ ಸತ್ರೆ ಅಲಗು ಬೇಕಾದೋರು ಇಟ್ಕೊಳ್ಲಿ, ಹಿಡಿ ಮಾತ್ರ ಕಳಚಿ ಅವನ ಜೊತೇಗೇ ಕಳಿಸ್ಬೇಕು. ಹೂಳೋರು ಜೊತೇಲೇ ಹೂಳ್ತಿದ್ರು, ಸುಡೋರು ಜೊತೇಲೇ ಸುಡ್ತಿದ್ರು. ಯಾಕೆ ಅಂತ ನಾವ್ಯಾರೂ ಕೇಳ್ದೋರಲ್ಲ.

"ಚೆಲುವಯ್ಯ ಕಾಡಲ್ಲಿ ಸಾಯ್ಲಿಲ್ಲ. ಹಂದಿ ತಿವೀಲಿಲ್ಲ, ಆನೆ ತುಳೀಲಿಲ್ಲ. ಜ್ವರ ಬಂತು, ಮಲಗ್ದ, ಹೋದ. ಹೆಂಡ್ತಿ ಸುಂದರಮ್ಮ, ಇನ್ನೂ ಹುಡುಗಿ, ಮಕ್ಕಳಿಲ್ಲ. ಹಿಡಿ ಕಳಚೋಕೆ ಅಂತ ನಾನು ಸುತ್ತಿಗೆ ತಗೊಂಡು ಹೋದ್ರೆ, 'ಚಾಕು ಬಾವಿಗೆ ಬಿದ್ದೋಯ್ತು ಕಣಣ್ಣ' ಅಂದ್ಲು. ನಂಬ್ದೆ. ಅಷ್ಟು ಅಳ್ತಾ ಹೇಳಿದ್ರೆ ಯಾರು ನಂಬಲ್ಲ? ಅದು ಅಕ್ಕಿ ಡಬ್ಬದೊಳಗಿತ್ತು ಅಂತ ಆಮೇಲೆ ಗೊತ್ತಾಯ್ತು.

"ಅವಳದು ತಪ್ಪು ಅಂತೀರಾ? ನನಗಂತೂ ಅನ್ನೋಕೆ ಬಾಯಿ ಬರಲ್ಲ. ಒಂದು ಫೋಟೋನೂ ತೆಗೆಸ್ದೋರಲ್ಲ ಅವ್ರು. ಗಂಡಂದು ಅಂತ ಉಳಿದಿದ್ದು ಆ ಗುಂಡಿಗಳು ಮಾತ್ರ. ದೀಪ ಹಚ್ಚೋ ಹೊತ್ತಿಗೆ ಆ ಗುಂಡಿಗಳಲ್ಲಿ ಬೆರಳಿಟ್ಕೊಂಡು ಕೂತ್ರೆ ಅವನ ಕೈ ಹಿಡ್ಕೊಂಡಂಗೇ ಇರ್ತಿತ್ತಂತೆ. ಮೊದ್ಲು ಹಿಡಿ ತಣ್ಣಗಿತ್ತಂತೆ. ಬರ್ತಾ ಬರ್ತಾ ಬೆಚ್ಚಗಾಯ್ತಂತೆ. ಆಮೇಲೆ… ಇವಳು ಹಿಡಿದ್ರೆ, ಅದೂ ಹಿಡಿಯೋಕೆ ಶುರುಮಾಡ್ತು.

"ಊರೋರ ಕಣ್ಣಿಗೆ ಬೀಳೋಕೆ ಎಷ್ಟೊತ್ತು? ಸುಂದರಮ್ಮ ನಲ್ಲೀಲಿ ಬಿಂದಿಗೆ ಎಡಗೈಲಿ ಎತ್ತೋಕೆ ಶುರುಮಾಡಿದ್ಲು. ಬಾಗಿಲು ಎಡಗೈಲಿ, ಪೊರಕೆ ಎಡಗೈಲಿ. ಅವಳು ಬಲಗೈಯೋಳು. ಎಡಗೈಯೋನು ಚೆಲುವಯ್ಯ."

ಸಿಂಚನ ಮೋಹನನ ಕಡೆ ನೋಡಿದಳು. ಕತೆ ಕೇಳುತ್ತಾ ಕೇಳುತ್ತಾ ಅವನು ಆ ಮೂರನೇ ಚಾಕುವನ್ನು ಎತ್ತಿಕೊಂಡಿದ್ದ. ಎಡಗೈಯಲ್ಲಿ. ಬತ್ತಿ ಅವನ ಬಲಕ್ಕಿತ್ತು. ಆ ಕೈ ನೆರಳಿನಲ್ಲಿತ್ತು.

"ಒಂದಿನ ಇಂಥದೇ ಮಳೆ, ಇದೇ ಹೊತ್ತು," ಎಂದು ತಾತ ಮುಂದುವರಿಸಿದರು. "ಅಂಗಡಿ ಮುಚ್ಚೋಕೆ ಅಂತ ಹಲಗೆ ಜೋಡಿಸ್ತಿದ್ದೆ. ಮೆಟ್ಟಿಲ ಕೆಳಗೆ ಯಾರೋ ನಿಂತಿದ್ರು. ಯಾರಪ್ಪಾ ಅಂತ ಬಗ್ಗಿ ನೋಡಿದ್ರೆ ಚೆಲುವಯ್ಯ… ಅದೇ ಮುಖ, ಅದೇ ನಾಚಿಕೆ ನಗು. ಎಡತೋಳು ಮುಂದಕ್ಕೆ ಚಾಚಿದ. ಮಣಿಕಟ್ಟಿನಿಂದಾಚೆಗೆ ಏನೂ ಇಲ್ಲ. ರಕ್ತ ಇಲ್ಲ, ಗಾಯ ಇಲ್ಲ. ಬಸ್ಸಲ್ಲಿ ಕೊಡೆ ಮರೆತು ಬಂದೋರು ಇರ್ತಾರಲ್ಲ, ಅಂಗೆ ಕೈನ ಎಲ್ಲೋ ಬಿಟ್ಟು ಬಂದಿದ್ದ. 'ಕೆಂಪಣ್ಣ, ನನ್ ಕೈ ಬಿಡಿಸ್ಕೊಡಣ್ಣ, ಹೋಗೋಕೆ ಆಗ್ತಿಲ್ಲ… ಅವಳಿಗೆ ಮಾತ್ರ ಬಯ್ಯಬೇಡ' ಅಂದ. ಸತ್ತ ಮೇಲೂ ಹೆಂಡ್ತೀನ ಬಿಟ್ಟುಕೊಡಲಿಲ್ಲ ನೋಡಿ!

"ಹೋಗಿ ಕೇಳ್ದೆ. ಕಾಲು ಹಿಡಿಯೋದೊಂದು ಬಾಕಿ. ಸುಂದರಮ್ಮ ಆ ಚಾಕುನ ಸೆರಗಲ್ಲಿ ಸುತ್ಕೊಂಡು ಮೂಲೇಲಿ ಕೂತ್ಬುಟ್ಲು. 'ನಾನು ಬಿಟ್ರೆ ಅವ್ರು ಹೋಗ್ಬುಡ್ತಾರೆ ಕಣಣ್ಣ' ಅಂದ್ಲು. ಇನ್ನೇನು ಹೇಳ್ಲಿ ನಾನು? ಅವಳು ಬಿಡ್ಲಿಲ್ಲ. ತಲೆ ಬೆಳ್ಳಗಾಯ್ತು, ಬೆನ್ನು ಬಾಗ್ತು, ಆಗ್ಲೂ ಬಿಡ್ಲಿಲ್ಲ. ಹೋದ ವರ್ಷ ಹೋದ್ಲು. ಅವಳ ಅಣ್ಣನ ಮಕ್ಕಳು ಬಂದು ಮನೆ ಖಾಲಿ ಮಾಡಿ ಸಾಮಾನೆಲ್ಲ ಹಳೇ ಸಾಮಾನಿನೋರಿಗೆ ಹಾಕ್ಬುಟ್ರು. ನಾನು ಕೋಲೂರ್ಕೊಂಡು ಹೋಗೋ ಹೊತ್ತಿಗೆ ಅಕ್ಕಿ ಡಬ್ಬಾನೂ ಇರ್ಲಿಲ್ಲ.

"ಅದಕ್ಕೇ ಮೋಹನಾ, ಚಾಕು ಆರಿಸೋನು ತಿಳ್ಕೋಬೇಕಾದ್ದು ಇಷ್ಟೇ. ಹೊಸ ಹಿಡಿ ಮೊದ್ಲು ಒತ್ತಬೇಕು, ಅಂಗೈ ಕೆಂಪಗಾಗ್ಬೇಕು, ಕೈಯೂ ಹಿಡಿಯೂ ಜಗಳ ಆಡಿ ಆಡಿ ಒಂದಾಗ್ಬೇಕು. ಮೊದಲ ಸಲಕ್ಕೇ ಕೂತ್ಬುಟ್ರೆ… ಅದರಲ್ಲಿ ಆಗ್ಲೇ ಒಂದು ಕೈ ಇದೆ ಅಂತ ಅರ್ಥ."

ಮೋಹನ್ ಜೋರಾಗಿ ನಕ್ಕ.

"ಸೂಪರ್ ತಾತ! ರೀಲ್ಸ್ ಮಾಡಿ ಹಾಕಿದ್ರೆ ವೈರಲ್ ಆಗೋಗುತ್ತೆ."

ತಾತ ನಗಲಿಲ್ಲ. "ಆ ಚಾಕುನ ಯಾವ ಕೈಲಿ ಹಿಡ್ಕೋತೀಯಾ ನೀನು?"

"ಇದೊಳ್ಳೆ ಕತೆ. ಬಲಗೈಲಿ. ಇನ್ಯಾವ ಕೈಲಿ?"

ತಾತನ ಮುಖ ಸಡಿಲವಾಯಿತು. ನಿಟ್ಟುಸಿರು ಬಿಟ್ಟು ಅಡಿಕೆಗೆ ಕೈ ಚಾಚಿದರು. ಅವರಿಗೆ ಕಾಣುತ್ತಿರಲಿಲ್ಲ. ಅಜ್ಜಿ ತಲೆ ಬಗ್ಗಿಸಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕಂಡದ್ದು ಸಿಂಚನಳೊಬ್ಬಳಿಗೇ. ದೊಡ್ಡವರ ಮುಂದೆ ಗಂಡನ ಮಾತನ್ನು ಸುಳ್ಳು ಅನ್ನುವುದು ಹೇಗೆ?

"ಇಲ್ಲ ತಾತ," ಅಂದಳು. "ಎಡಗೈಲಿ. ಈಗ್ಲೂ ಎಡಗೈಲೇ ಇದೆ. ಅದು ಬಂದಾಗಿನಿಂದ ಇವ್ರು ಎಲ್ಲಾನೂ ಎಡಗೈಲೇ ಮಾಡ್ತಿದ್ದಾರೆ."

"ಏನೇ ಇದು, ನೀನೂ…" ಎಂದು ಮೋಹನ್ ತನ್ನ ಕೈ ನೋಡಿಕೊಂಡ. ನಗು ಹಾಗೇ ನಿಂತಿತು. ಚಾಕುವನ್ನು ಕೆಳಗಿಡಲು ಹೋದ. ಕೈ ಬಗ್ಗಿತು, ಬೆರಳು ಬಿಡಲಿಲ್ಲ. ಬಲಗೈಯಿಂದ ಎಳೆದ. ಅಲುಗಲಿಲ್ಲ.

"ತಾತ… ಬಿಡ್ತಾ ಇಲ್ಲ ಇದು." ಅದು ಚಿಕ್ಕ ಮಗುವಿನ ದನಿಯಂತಿತ್ತು.

"ಅಯ್ಯೋ ನನ್ ಕಂದಾ!" ಎಂದು ಅಜ್ಜಿ ಏಳಹೋದರು. ತಾತ ಅವರ ಸೆರಗು ಹಿಡಿದು ಕೂರಿಸಿದರು.

"ಕಿತ್ಕೋಬೇಡಿ. ಬಲವಂತಕ್ಕೆ ಬರೋ ಅಂಥದ್ದಲ್ಲ ಅದು. ಸಿಂಚನ, ನೀನು ಬಾ. ಹೆಂಡ್ತಿ ಹಿಡಿದು ನಿಲ್ಲಿಸ್ದೋನು ಅವನು. ಒಬ್ಬ ಹೆಂಡ್ತೀನೇ ಬಿಡ್ಬೇಕು."

ಸಿಂಚನ ಗಂಡನ ಮುಂದೆ ಮೊಣಕಾಲೂರಿ ಕೂತಳು. ಅವನ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ತಗೊಂಡಳು. ಭಯ ಆಗಬೇಕಿತ್ತು, ಆದರೆ ಕಣ್ಣು ತುಂಬಿ ಬಂತು. ಅಷ್ಟು ವರ್ಷ ಯಾರೂ ಹೋಗು ಅನ್ನದ ಒಂದು ಜೀವ. ನೆಂಟರನ್ನು ಕಳಿಸುವ ರೂಢಿಯಲ್ಲಿ 'ಹೋಗಿ ಬನ್ನಿ' ಎನ್ನಲು ಬಾಯಿ ತೆಗೆದವಳು, ಅರ್ಧಕ್ಕೇ ತುಟಿ ಕಚ್ಚಿಕೊಂಡಳು. ಯಾರನ್ನೂ ಹಾಗೆ ಬರೀ 'ಹೋಗಿ' ಎಂದು ಕಳಿಸಿದವಳಲ್ಲ ಅವಳು.

"ಹೋಗಿ ಅಣ್ಣ," ಅಂದಳು. "ಸುಂದರಮ್ಮನೋರಿಗೆ ಯಾರೂ ಬಯ್ಯಲ್ಲ. ನೀವು ಹೋಗಿ."

ಕಿರುಬೆರಳು ಸಡಿಲವಾಯಿತು. ಒಂದೊಂದಾಗಿ ಬಿಡಿಸುತ್ತಾ ಹೋದಳು. ಗಂಡನ ಬೆರಳೆಲ್ಲ ಬಿಡಿಸಿದ ಮೇಲೂ ಬಿಡಿಸುವುದು ಮುಗಿಯಲಿಲ್ಲ. ಕಣ್ಣಿಗೆ ಏನೂ ಕಾಣದಿದ್ದರೂ ಕೈಗೆ ಸಿಗುತ್ತಿತ್ತು. ಅವಳು ತಲೆ ಎತ್ತದೆ ಅದನ್ನೂ ಬಿಡಿಸಿದಳು. ಕೊನೆಗೆ ಚಾಕು ಠಣ್ಣೆಂದು ನೆಲಕ್ಕೆ ಬಿತ್ತು.

ತಾತ ಮಂಡಿಯೂರಿ ಸುತ್ತಿಗೆಯಿಂದ ಹಿಡಿಯನ್ನು ಕಳಚಿದರು. ಮೋಹನನೇ ಅದನ್ನು ಇಕ್ಕಳದಲ್ಲಿ ಹಿಡಿದು ಬಚ್ಚಲಮನೆಯ ನೀರೊಲೆಗೆ ಹಾಕಿದ. ಅರಗು ಚಟಪಟ ಅಂದು, ಸುವಾಸನೆಯ ಹೊಗೆ ಮನೆಯೆಲ್ಲ ತುಂಬಿ, ಯಾರೋ ಎದ್ದು ಹೋದ ಹಾಗೆ ಬಾಗಿಲ ಕಡೆಗೆ ಸಾಗಿತು. ಮೋಹನ್ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. "ಶನಿವಾರ ಎಲ್ಲೂ ಹೋಗಲ್ಲ ಬುಡಜ್ಜಿ," ಅಂದ. ನೀರು ಕೊಟ್ಟರೆ ಲೋಟವನ್ನು ಬಲಗೈಯಲ್ಲಿ ತಗೊಂಡ. ಅದನ್ನು ನೋಡಿ ಸಿಂಚನ ಅಡುಗೆಮನೆಗೆ ಹೋಗಿ ಸದ್ದಿಲ್ಲದೆ ಅತ್ತಳು.

ಕೋಲು ಊರುವ ಸದ್ದು ಅವಳ ಹಿಂದೆಯೇ ಬಂತು.

"ಮಗಾ," ಎಂದು ತಾತ ಪಿಸುದನಿಯಲ್ಲಿ ಕೇಳಿದರು. "ಬಿಡಿಸುವಾಗ ನಿನಗೆ ಎಷ್ಟು ಕೈ ಸಿಕ್ತು?"

ಅವಳು ಕಣ್ಣೊರೆಸಿಕೊಂಡಳು. ಯೋಚನೆ ಮಾಡಲು ಮನಸ್ಸಿರಲಿಲ್ಲ. ಆದರೆ ಅಂಗೈಗೆ ನೆನಪಿತ್ತು. "ಇವ್ರದ್ದು. ಅದರ ಕೆಳಗೆ ಒಂದು ಒರಟು ಕೈ, ತಣ್ಣಗೆ. ಅದರ ಮೇಲೆ ಸುತ್ಕೊಂಡು… ಇನ್ನೊಂದಿತ್ತು ತಾತ. ಸಣ್ಣದು. ಸುಕ್ಕು ಸುಕ್ಕು."

"ಹೂಂ…" ತಾತ ಕೋಲಿನ ಮೇಲೆ ಭಾರ ಹಾಕಿ ನಿಂತರು. "ಚೆಲುವಯ್ಯ ಹೋದ, ಪಾಪ. ಅವನು ಹೋಗ್ಬೇಕು ಅಂತಿದ್ದೋನು. ಅವಳು… ಹೆದರ್ಕೋಬೇಡ, ಯಾರಿಗೂ ಕೆಡುಕು ಮಾಡಿದ ಹೆಂಗಸಲ್ಲ. ಈಗ ಹಿಡ್ಕೊಳ್ಳೋಕೆ ಏನೂ ಇಲ್ಲ ಅವಳಿಗೆ, ಅಷ್ಟೇ."

ಹೊರಡಲು ತಿರುಗಿದವರು ಹೊಸ್ತಿಲಲ್ಲಿ ನಿಂತರು.

"ಇವತ್ತಿಂದ ಕೈ ಚಾಚ್ಕೊಂಡು ಮಾತ್ರ ಮಲಗಬೇಡ ಕಣಮ್ಮ."