ಅಳಿಸಿದ ಮೇಲೂ ಬಂದ ಹೆಸರು

ಕೋಟೆ ಪಟ್ಟಣದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು, ಅವರ ಮೈದುನ ಕುಳಿತಿದ್ದರು. ಅವನು ಕಂಪ್ಯೂಟರ್ ರಿಪೇರಿಯವನು.

“ಅತ್ಗೆ, ಅಣ್ಣನ ಕಂಪ್ಯೂಟರ್ ಯಾರಾದ್ರೂ ಮುಟ್ಟಿದ್ರಾ?”

“ಇಲ್ಲ ಕಣಪ್ಪ. ಅವರು ತೀರ್ಕಂಡ ಮೇಲೆ ರೂಮಿಗೆ ಬೀಗ. ಇವತ್ತು ನಿಂಗೆ ಕೀ ಕೊಟ್ಟಿದ್ದೇ ಮೊದಲು. ಯಾಕೆ?”

“ಯಾವ ಸೈಟ್ ತೆಗೆದ್ರೂ ಕಂಪ್ಯೂಟರು ಅದರ ಹೆಸರು ಸ್ವಲ್ಪ ಹೊತ್ತು ನೆನಪಿಟ್ಕಂಡಿರ್ತದೆ. ಬೆಳಿಗ್ಗೆ ಆನ್ ಮಾಡಿ ನೋಡಿದ್ರೆ, ಅಣ್ಣ ದಿನಾ ನೋಡ್ತಿದ್ದ ಹಕ್ಕಿ ಫೋಟೋ ಸೈಟ್ ಹೆಸರಿತ್ತು.”

“ಹಳೇದಿರ್ಬೇಕು.”

“ಇದು ಹಿಸ್ಟರಿ ಅಲ್ಲ, ಆಫ್ ಮಾಡಿದ್ರೆ ಅಳಿಸೋಯ್ತದೆ. ಅಷ್ಟು ಹಳೇದು ಉಳಿಯಲ್ಲ. ಅದನ್ನ ಅಳಿಸಿ, ಬೀಗ ಹಾಕ್ಕಂಡು ಊಟಕ್ಕೆ ಹೋದೆ. ಬಂದು ನೋಡಿದ್ರೆ ಅದೇ ಹೆಸರು ಮತ್ತೆ ಬಂದಿತ್ತು.”

“ಯಾವ್ದೋ ಪ್ರೋಗ್ರಾಮ್ ತಾನಾಗೇ ತೆಗೆದಿರ್ಬೇಕು.”

“ಅದನ್ನೂ ಹುಡುಕ್ದೆ. ಅಂಥದ್ದು ಸಿಗಲಿಲ್ಲ.”

ಆಕೆ ಅವನ ಕಡೆ ತಿರುಗಿದರು.

“ಆಫ್ ಮಾಡಿ ಬಂದ್ಯಾ?”

“ಇಲ್ಲ. ಕೈ ಬರಲಿಲ್ಲ. ಈಗ ಮನೆಗೆ ಹೋದ್ಮೇಲೆ ಮತ್ತೆ ಅಳಿಸ್ಲಾ?”

“ಬ್ಯಾಡ. ಅಂಗೇ ಇರ್ಲಿ ಬುಡು. ನಾನೂ ಒಸಿ ಹೊತ್ತು ಅದರ ಮುಂದೆ ಕೂತ್ಕತೀನಿ.”

ಸರಗೂರಿನ ಬಸ್ಸು ಬಂತು. ಆಕೆ ಸೆರಗು ಸರಿಮಾಡಿಕೊಂಡು ಬೇಗ ಬೇಗ ಹತ್ತಿದರು. ಅವನು ಮಾತ್ರ ಕಂಡಕ್ಟರ್ ಕೂಗುವವರೆಗೂ ಮೇಲೇಳಲಿಲ್ಲ.