ಮೀನಿನ ಖೋಲಿಯ ದೀಪ

ಹುಮನಾಬಾದ್ ಬಸ್ ನಿಲ್ದಾಣದಲ್ಲಿ ನನ್ನ ಮುಂದೆ ಅಕ್ಕತಂಗಿಯರಿಬ್ಬರು ಬಸವಕಲ್ಯಾಣದ ಬಸ್ಸಿಗೆ ಕಾಯುತ್ತಿದ್ದರು.

“ಅಕ್ಕ, ಭಾವ ಮೀನು ಸಾಕಲಿಕ್ಕ ಮಾಡ್ತಿದ್ದ ಖೋಲಿ ಮುಗೀತೇನು?”

“ಮುಗೀತು. ಕಿಟಕಿ ಮುಚ್ಚಿ ಎ.ಸಿ. ಕೂಡಿಸ್ಯಾರ. ಎಲ್‌ಇಡಿ ಲೈಟ್ ತಾವೇ ಮಾಡ್ಯಾರ, ಮೊದಲು ಸಂಜಿಗಿ ತಾನೇ ಆರೋ ಹಂಗ ಟೈಮ್ ಇಟ್ಟಿದ್ರು.”

“ನಿಮ್ಮತ್ತಿ ಬೈಲಿಲ್ಲೇನು?”

“ಎ.ಸಿ.ಗಿ ಬೈಲಿಲ್ಲ. ದೀಪ ಹಚ್ಚೋ ಹೊತ್ತಿನಾಗ ಮನ್ಯಾಗ ಬೆಳಕು ಆರಬಾರದಂತ ದಿನಾ ಹೋಗಿ ಆ ಲೈಟ್ ಮತ್ತ ಹಚ್ಚತಿದ್ರು. ಹಗಲು ರಾತ್ರಿ ಬೆಳಕಿನಾಗ ನಿದ್ದಿ ಇಲ್ದೆ ಮೀನುಗಳು ಕೂಳೇ ಬಿಟ್ಟವು.”

“ಅಯ್ಯ, ಮತ್ತ ಭಾವ ಏನ್ ಮಾಡಿದ್ರು?”

“ಅವ್ವಗ ಎದುರಾಡ್ತಾರೇನು? ಲೈಟಿನ ಟೈಮ್ ತಿರುಗಿಸಿದ್ರು. ಈಗ ಅತ್ತಿ ದೀಪ ಹಚ್ಚಿದಾಗ ಹತ್ತಿ, ನಸುಕಿಗಿ ಆರತದ. ಹಗಲೆಲ್ಲ ಮೀನು ಮಲಗತಾವ.”

“ಅತ್ತಿ?”

“ಲೈಟಿಗೂ ಕೈ ಮುಗೀತಾರ.”

ಬಸ್ಸು ಬಂತು. ಅಕ್ಕ ಇಳಿಬಿಸಿಲು ನೋಡಿ ತಂಗಿಯ ಕೈ ಎಳೆದಳು.

“ಲಗೂ ಹತ್ತು. ಮೀನಿಗಿ ಬೆಳಗಾಗೋ ಹೊತ್ತಾತು.”