ಬಾಣಂತಿಯ ಹಾಜರಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಖಾನಾಪುರದಿಂದ ರೈಲು ಹತ್ತಿ ಬೆಳಗಾವಿಯ ಈ ಸಭಾಗೃಹಕ್ಕೆ ಬಂದಿರುವ ನನ್ನ ಹಂಚಿನ ಕಾರಖಾನೆಯ ತಾಯಂದಿರೇ, ಸಭಿಕರೇ,

ಮೊದಲು ಖರ್ಚು ಹೇಳಿಬಿಡುತ್ತೇನೆ, ಹೊಗಳಿಕೆ ಆಮೇಲೆ. ಹೆರಿಗೆಗೆ ಏಳು ವಾರ ರಜೆ, ದಿನಕ್ಕೆ ಎಂಟಾಣೆ. ಒಬ್ಬ ಬಾಣಂತಿಗೆ ಇಪ್ಪತ್ತನಾಲ್ಕೂವರೆ ರೂಪಾಯಿ. ಈ ವರ್ಷ ನಾಲ್ವರು, ತೊಂಬತ್ತೆಂಟು ರೂಪಾಯಿ. ಈ ಹಾರ, ನೀವು ಕುಡಿದ ಚಹಾ, ಎರಡೂ ವರ್ತಕರ ಸಂಘದ ಖರ್ಚು. ಅದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಇಷ್ಟಕ್ಕೇ ನಾನು ದಾನಶೂರನೇ? ಈ ಇಪ್ಪತ್ತೊಂಬತ್ತನೆಯ ಇಸವಿಯಲ್ಲಿ ಮುಂಬಯಿ ಸರಕಾರ ಕಾಯ್ದೆ ಮಾಡಿತು: ಹೆತ್ತ ಮೇಲೆ ನಾಲ್ಕು ವಾರ ಹೆಣ್ಣಾಳನ್ನು ಕೆಲಸಕ್ಕೆ ಹಚ್ಚಬಾರದು, ರಜೆಗೆ ಹಣ ಕೊಡಬೇಕು. ನಮಗದು ಲಾಗೂ ಇಲ್ಲವೆಂದರು ವಕೀಲರು. ನಾನು ವ್ಯಾಪಾರಿ. ನಾಳೆ ಬರುವ ಕಾಯ್ದೆಯನ್ನು ಇಂದೇ ಪಾಲಿಸಿದರೆ ಹೆಸರು. ನಾಳೆ ಪಾಲಿಸಿದರೆ ಬರೀ ಖರ್ಚು.

ಆದರೆ ನನ್ನದೊಂದು ಹಳೆಯ ಕಟ್ಟಳೆ ಇತ್ತು. ಪಗಾರ ದುಡಿದವಳ ಕೈಗೇ ಹೋಗಬೇಕು. ಗಂಡನ ಕೈಗೆ ಕೊಟ್ಟರೆ ದಾರಿಯಲ್ಲಿ ಸೆರೆ ಅಂಗಡಿ ಇದೆ. ಹಿಂದಿನ ಸಾಲಿನ ಗಂಡಸರು ಕೆಮ್ಮಬೇಡಿರಿ.

ಹಸಿ ಹಂಚಿನ ಅಂಚು ತೀಡುವ ಸಂಗವ್ವ ತನ್ನ ತವರು, ಬೀಡಿ ಎಂಬ ಹಳ್ಳಿಯಲ್ಲಿ ಹೆತ್ತಳು. ಹಿಂದೊಮ್ಮೆ ಹೆತ್ತ ವಾರಕ್ಕೇ ಕೆಲಸಕ್ಕೆ ಮರಳಿ, ಹಾಲು ಬತ್ತಿ, ಕೂಸು ಕಳೆದುಕೊಂಡವಳು. ಇದಾದರೂ ಉಳಿಯಲಿ ಎಂಬುದೊಂದೇ ಅವಳ ಹರಕೆ. ಹಣ ಮುಟ್ಟಿಸಿರೆಂದು ಕಾರಕೂನ ಬಿಂದುಮಾಧವರಾಯರಿಗೆ ಹೇಳಿದೆ.

"ಪುರುಡಿನ ಮನಿ ಅದ ಧಣ್ಯಾರ. ಹತ್ತು ದಿವಸ ಕಳೀಲಿ, ಹೋಗ್ತೀನಿ."

ಹತ್ತು ದಿನ ಕಾಯಲು ಆ ಮನೆಯಲ್ಲಿ ಹಿಟ್ಟಿರಲಿಲ್ಲ. ಐದನೆಯ ದಿನ ಸಂಗವ್ವನೇ ಕೂಸನ್ನು ಸುತ್ತಿಕೊಂಡು ಚಕ್ಕಡಿಯಲ್ಲಿ ಕಾರಖಾನೆಗೆ ಬಂದು ಕೈಯೊಡ್ಡಿದಳು. ರಾಯರು ಆ ವಾರದ ಹಣ ಕೊಟ್ಟರು. ಕೊಟ್ಟು, ಹಣ ಪಡೆದವರು ಹಾಜರೆಂಬ ರೂಢಿಯಂತೆ ಅವಳ ಹಾಜರಿ ಬರೆದರು! ಹಾಜರಿ ಬಿದ್ದವಳಿಗೆ ರಜೆ ಎಲ್ಲಿಯದು? ನಾಳೆಯಿಂದ ಕೆಲಸಕ್ಕೆ ಬಾ, ಇಲ್ಲವೇ ಜಾಗ ಬೇರೆಯವರಿಗೆ ಎಂದರು.

ಮರುದಿನ ಬಂದವಳು ಸೊಸೆಯಲ್ಲ, ಅತ್ತೆ ಶಿವಲಿಂಗವ್ವ.

"ರಾಯರ, ನಮ್ಮೊಳಗ ಪುರುಡಿಲ್ಲ, ಸೂತಕಿಲ್ಲ. ನಿಮ್ಮ ಮಡಿ ಸಲುವಾಗಿ ನಮ್ಮ ಸೊಸಿ ಹಸಿಮೈಲೆ ಚಕ್ಕಡ್ಯಾಗ ಕುಂದರಬೇಕೇನ್ರಿ?"

ನಾನು ಸಮಾಧಾನಕ್ಕೆ ನಡುವೆ ಬಾಯಿ ಹಾಕಿದೆ. "ಯವ್ವಾ, ನಮ್ಮವ್ವ ಮುಂಜಾನಿ ನನ್ನ ಹಡದು ಸಂಜೀಕ ಸುಣ್ಣದ ಭಟ್ಟಿಗೆ ಕಲ್ಲು ಹೊತ್ತಾಳ. ನನಗೇನಾಗೇತಿ? ಗುಂಡಕಲ್ಲಿನಂಗ ಅದೀನಿ."

"ನಿಮಗೇನಾಗಿಲ್ರಿ ಧಣ್ಯಾರ. ಆಕಿಗೇನಾತು, ಅದನ್ನ ಹೇಳ್ರಿ."

ಸಭಿಕರೇ, ಮಾತಿನಲ್ಲಿ ನನ್ನನ್ನು ಸೋಲಿಸಿದವರು ಈ ಜಿಲ್ಲೆಯಲ್ಲಿ ಕಡಿಮೆ. ನನ್ನನ್ನು ಸಾಕಿದವಳು ಸೋದರತ್ತೆ. ತಾಯಿಯ ಮುಖ ಹೇಗಿತ್ತೆಂದು ಅವಳನ್ನೇ ಕೇಳಿ ತಿಳಿದುಕೊಂಡೆ. ಇರಲಿ, ಇಂದಿನ ವಿಷಯ ಅದಲ್ಲ.

ವಿಷಯ ಇದು: ಆ ಹಾಜರಿಯನ್ನು ಅಲ್ಲಿಯೇ ಹೊಡೆದುಹಾಕಿಸಿದೆ. ಉಳಿದ ವಾರಗಳ ಹಣ ನಾನೇ ಬೀಡಿಗೆ ಒಯ್ದು ಸಂಗವ್ವನ ಕೈಗಿತ್ತೆ. ಈಗ ಬಾಣಂತಿ ಹಣಕ್ಕಾಗಿ ಬರುವುದಿಲ್ಲ, ಹಣವೇ ಬಾಣಂತಿಯ ಮನೆಗೆ ಹೋಗುತ್ತದೆ. ಅವಳ ಜಾಗವನ್ನು ಬೇರೆಯವರಿಗೆ ಕೊಡುವುದಿಲ್ಲ. ರಾಯರೂ ಹೋಗುತ್ತಾರೆ, ಬಾಗಿಲಾಚೆ ನಿಂತು ಕೊಡುತ್ತಾರೆ, ಮನೆಗೆ ಮರಳಿ ಸ್ನಾನ ಮಾಡುತ್ತಾರೆ. ಕಾಯ್ದೆ ಸ್ನಾನವನ್ನು ತಡೆದಿಲ್ಲ.

ಹಾಗಾದರೆ ಯಾರಿಗೆ ಏನು ದಕ್ಕಿತು? ವರ್ತಕರ ಸಂಘಕ್ಕೆ ಒಂದು ಸಭೆ. ರಾಯರಿಗೆ ಹಣ ಒಯ್ದ ದಿನ ಎರಡು ಸ್ನಾನ. ನನಗೆ ಹೆಸರು, ಜೊತೆಗೆ ಕೆಲಸ ಬಲ್ಲ ಕೈ ಬಿಟ್ಟುಹೋಗದ ಕಾರಖಾನೆ. ಸಂಗವ್ವನಿಗೆ ಏಳು ವಾರ ಮತ್ತು ತನ್ನ ಜಾಗ. ಕೂಸಿಗೆ ತಾಯಿ.

ಇಷ್ಟು ಹೊತ್ತು ಕೂತು ಕೇಳಿದಿರಿ, ಋಣಿಯಾಗಿದ್ದೇನೆ. ಎಲ್ಲರಿಗೂ ನಮಸ್ಕಾರ.